ಬಡಿಸುವ ಕೈಗೂ ಪಂಕ್ತಿಯಲ್ಲಿ ಜಾಗ



ಬೇಸಿಗೆ ಬಂತೆಂದರೆ ನಮ್ಮ ಕೈಗೆ ಬಿಡುವೇ ಇಲ್ಲ. ಹಪ್ಪಳ ಸಂಡಿಗೆಗೆ ಹಿಟ್ಟು ಕುದಿಸಬೇಕು, ತಾರಸಿಯ ಮೇಲೆ ಹರಡಿ ಕಾಗೆ ಕಾಯಬೇಕು, ಉಪ್ಪಿನಕಾಯಿ ಜಾಡಿಗಳನ್ನು ತೊಳೆದು ಬಿಸಿಲಿಗಿಡಬೇಕು. ಇಷ್ಟರ ನಡುವೆ ರಜೆಯ ಮಕ್ಕಳು! "ಅಮ್ಮಾ, ಬೇಜಾರು" ಅನ್ನುವ ರಾಗ ಬೆಳಗ್ಗೆ ಎಂಟಕ್ಕೇ ಶುರುವಾಗುತ್ತೆ. ಶಾಲೆ ಬಾಗಿಲು ಮತ್ತೆ ಯಾವಾಗ ತೆಗೆಯುತ್ತಾರಪ್ಪಾ ಅಂತ ಕ್ಯಾಲೆಂಡರ್ ನೋಡದ ತಾಯಿ ಯಾರಿದ್ದಾರೆ ಹೇಳಿ?

ಈ ಸಲ ಬಂದ ಪತ್ರಗಳಲ್ಲಿ ಒಂದು ನನ್ನ ಮನಸ್ಸಿಗೆ ನಾಟಿತು. ಊರಿನ ಹೆಸರು ಬೇಡ. ಅಲ್ಲಿ ಒಂದು ಮಹಿಳಾ ಸಮಾಜವಿದೆ. ಒಂದು ಕಾಲಕ್ಕೆ ನಲವತ್ತು ಸದಸ್ಯೆಯರಿದ್ದರಂತೆ, ಈಗ ಹನ್ನೊಂದು. ಸೊಸೆಯಂದಿರು, ಹೆಣ್ಣುಮಕ್ಕಳು ದೊಡ್ಡ ಊರು ಸೇರಿದ್ದಾರೆ. ಪ್ರತಿ ಬೇಸಿಗೆ ಮಕ್ಕಳಿಗೊಂದು ಶಿಬಿರ ನಡೆಸುವ ವಾಡಿಕೆ. ಈ ವರ್ಷ ಮಾಡೋದೋ ಬಿಡೋದೋ ಎಂಬ ಯೋಚನೆ. ಆ ಸೋದರಿ ಇನ್ನೊಂದು ಮಾತನ್ನೂ ಸೇರಿಸಿದ್ದಾರೆ. ಎಂಟು ವರ್ಷದಿಂದ ವಾರ್ಷಿಕೋತ್ಸವಕ್ಕೆ ಉಪ್ಪಿಟ್ಟು, ಕೇಸರಿಬಾತು ಮಾಡುವವರು ಅವರೇ. ಒಂದು ವರ್ಷವೂ ಎದುರಿಗೆ ಕೂತು ಕಾರ್ಯಕ್ರಮ ನೋಡಿಲ್ಲ. ವೇದಿಕೆಯ ಮೇಲೆ ಅದೇ ಮೂವರು, ಒಲೆಯ ಮುಂದೆ ಅದೇ ನಾಲ್ವರು. ಇನ್ನು ಸಾಕು ಅನ್ನಿಸಿದೆಯಂತೆ.

ಅವರಿಗೆ ಉತ್ತರ ಬರೆಯಲು ಕೂತಾಗ ನನಗೆ ನೆನಪಾದದ್ದು ದೂರದ ಅಮೆರಿಕದ ಒಂದು ಸಣ್ಣ ಕ್ರೈಸ್ತ ಪಂಗಡ. ನಗಬೇಡಿ. ಅವರ ಕಷ್ಟವೂ ಥೇಟ್ ಇದೇ. ಜನ ಕಡಿಮೆ, ಕೆಲಸ ಜಾಸ್ತಿ, ವಯಸ್ಸಾದವರೇ ಹೆಚ್ಚು. ಆದರೂ ಬೇಸಿಗೆ ಬಂದರೆ ಬಾಗಿಲು ತೆರೆಯುತ್ತಾರೆ, ಊರ ಮಕ್ಕಳನ್ನೆಲ್ಲ ಕರೆಯುತ್ತಾರೆ. ಹೇಗೆ ಅಂತ ನೋಡೋಣ ಬನ್ನಿ.

ಯಾರು ಈ ಜನ?

ಇವರ ಹೆಸರು ಚರ್ಚ್ ಆಫ್ ದಿ ಬ್ರೆದ್ರನ್. ಬ್ರೆದ್ರನ್ ಎಂದರೆ ಸಹೋದರರು. 1708ರಲ್ಲಿ ಜರ್ಮನಿಯ ಶ್ವಾರ್ಜೆನೌ ಎಂಬ ಹಳ್ಳಿಯಲ್ಲಿ ಎಂಟೇ ಜನ, ಐವರು ಗಂಡಸರು ಮತ್ತು ಮೂವರು ಹೆಂಗಸರು, ಏಡರ್ ಹೊಳೆಯಲ್ಲಿ ದೀಕ್ಷಾಸ್ನಾನ ಪಡೆದು ಈ ಪಂಗಡವನ್ನು ಶುರು ಮಾಡಿದರು. ಮುಂದಾಳು ಅಲೆಕ್ಸಾಂಡರ್ ಮ್ಯಾಕ್. ಸರ್ಕಾರದ ಚರ್ಚನ್ನು ಒಪ್ಪದವರಿಗೆ ಆ ಕಾಲದಲ್ಲಿ ಕಿರುಕುಳ ತಪ್ಪಿದ್ದಲ್ಲ. 1719ರಲ್ಲಿ ಮೊದಲ ಗುಂಪು ಹಡಗು ಹತ್ತಿ ಅಮೆರಿಕದ ಪೆನ್ಸಿಲ್ವೇನಿಯಾ ಸೇರಿತು. ಅಲ್ಲಿ ಹೆಚ್ಚಿನವರು ಒಕ್ಕಲುತನ ಮಾಡಿಕೊಂಡು, ಸರಳವಾಗಿ, ಯುದ್ಧಕ್ಕೆ ಹೋಗುವುದಿಲ್ಲ, ಆಣೆ ಇಡುವುದಿಲ್ಲ ಎಂಬ ನೇಮ ಹಿಡಿದು ಬಾಳಿದರು.

ನಮ್ಮ ದೇಶಕ್ಕೂ ಇವರ ನಂಟುಂಟು. 1894ರಲ್ಲಿ ವಿಲ್ಬರ್ ಸ್ಟೋವರ್, ಅವರ ಪತ್ನಿ ಮೇರಿ ಮತ್ತು ಬರ್ತಾ ರಯನ್ ಎಂಬ ಮೂವರು ಭಾರತಕ್ಕೆ ಬಂದು ಗುಜರಾತಿನ ಬಲ್ಸಾರಿನಲ್ಲಿ, ಅಂದರೆ ಈಗಿನ ವಲ್ಸಾಡಿನಲ್ಲಿ, ನೆಲೆ ನಿಂತರು. ಅಲ್ಲಿ ಬೆಳೆದ ಸಭೆಗಳಲ್ಲಿ ಹೆಚ್ಚಿನವು 1970ರಲ್ಲಿ ಉತ್ತರ ಭಾರತದ ಸಂಯುಕ್ತ ಸಭೆಯಲ್ಲಿ ಸೇರಿಕೊಂಡವು.

1960ರ ದಶಕದಲ್ಲಿ ಅಮೆರಿಕದಲ್ಲಿ ಈ ಪಂಗಡದವರು ಸುಮಾರು 2 ಲಕ್ಷ ಇದ್ದರು. ಈಗ 1 ಲಕ್ಷಕ್ಕೂ ಕಡಿಮೆ. ಭಾನುವಾರ ಮೂವತ್ತು, ನಲವತ್ತು ಜನ ಸೇರುವ ಹಳ್ಳಿ ಚರ್ಚುಗಳು ಎಷ್ಟೋ ಇವೆ. ಆ ನಲವತ್ತರಲ್ಲಿ ಅರ್ಧ ಜನ ಅಜ್ಜ ಅಜ್ಜಿಯರು ಅಂದುಕೊಳ್ಳಿ. ಇಂಥ ಚರ್ಚು ಬೇಸಿಗೆಯಲ್ಲಿ ಏನು ತಾನೇ ಮಾಡೀತು ಅನ್ನುತ್ತೀರಾ?

ಐದು ಸಂಜೆಯ ಶಾಲೆ

ಅವರ ಬೇಸಿಗೆ ನಮ್ಮಂತೆ ಏಪ್ರಿಲ್ ಮೇ ಅಲ್ಲ. ಜೂನಿನಿಂದ ಆಗಸ್ಟ್‌ವರೆಗೆ. ಹೊಲದಲ್ಲಿ ಜೋಳ ಎದೆಯೆತ್ತರ ಬೆಳೆಯುವ ಕಾಲ, ರಾತ್ರಿ ಎಂಟೂವರೆಯಾದರೂ ಬೆಳಕಿರುವ ಕಾಲ. ಆಗ ನಡೆಯುವುದು ರಜಾ ಬೈಬಲ್ ಶಾಲೆ. ನಮ್ಮೂರ ಚರ್ಚುಗಳಲ್ಲೂ ಏಪ್ರಿಲ್ ಮೇ ತಿಂಗಳಲ್ಲಿ ವಿ.ಬಿ.ಎಸ್. ಎಂದು ನಡೆಸುತ್ತಾರಲ್ಲ, ಅದೇ.

ಇದರ ಮೂಲ ಕೇಳಿದರೆ ನಿಮಗೆ ಖುಷಿಯಾದೀತು. 1898ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಶ್ರೀಮತಿ ಹಾಸ್ ಎಂಬ ಗೃಹಿಣಿ ಬೇಸಿಗೆಯಲ್ಲಿ ಬೀದಿ ಅಲೆಯುವ ಬಡ ಮಕ್ಕಳನ್ನು ನೋಡಿ, ಇವರನ್ನು ಒಂದೆಡೆ ಕೂಡಿಸಿ ಏನಾದರೂ ಕಲಿಸಬೇಕಲ್ಲ ಅಂದುಕೊಂಡರು. ಜಾಗವಿಲ್ಲ. ಕೊನೆಗೆ ಹಗಲು ಹೊತ್ತು ಖಾಲಿ ಇರುತ್ತಿದ್ದ ಒಂದು ಬಿಯರ್ ಅಂಗಡಿಯ ಕೋಣೆಯನ್ನೇ ಬಾಡಿಗೆಗೆ ಹಿಡಿದರು! ಹಾಡು, ಕಥೆ, ಆಟ, ಕೈಕೆಲಸ. ಬೇರೆ ಕಡೆಗಳಲ್ಲೂ ಇಂಥ ಪ್ರಯತ್ನಗಳು ನಡೆದಿದ್ದವು, ಆದರೆ ಆಕೆಯ ಶಾಲೆ ಹೆಸರಾಯಿತು. ಮಾಡುವ ಮನಸ್ಸಿದ್ದರೆ ಜಾಗ ತಾನಾಗಿ ಸಿಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಸಣ್ಣ ಬ್ರೆದ್ರನ್ ಸಭೆಯಲ್ಲಿ ಈ ಶಾಲೆ ಸಾಮಾನ್ಯವಾಗಿ ಐದು ದಿನ, ಎಷ್ಟೋ ಕಡೆ ಸಂಜೆ ಹೊತ್ತು. ತಾಯಂದಿರು ಕೆಲಸದಿಂದ ಬಂದ ಮೇಲೆ ಮಕ್ಕಳನ್ನು ಕರೆತರಲು ಅನುಕೂಲವಾಗಲಿ ಅಂತ. ಚರ್ಚಿಗೆ ಬಾರದ ಮನೆಯ ಮಕ್ಕಳಿಗೂ ಆಹ್ವಾನ. ಅಲ್ಲಿ ನೋಡುವಂಥದ್ದು ಕೆಲಸದ ಹಂಚಿಕೆ. ಕಥೆ ಹೇಳುವವರು ಒಬ್ಬರು, ಹಾಡು ಕಲಿಸುವವರು ಒಬ್ಬರು, ತಿಂಡಿಗೆ ಇಬ್ಬರು. ಕುಣಿಯಲಾರದ ಅಜ್ಜಿ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಮಕ್ಕಳ ಹೆಸರು ಬರೆದು ಅಂಗಿಗೆ ಚೀಟಿ ಅಂಟಿಸುತ್ತಾರೆ. ಹದಿನಾಲ್ಕು ವರ್ಷದ ಹುಡುಗ ಚಿಕ್ಕವರ ಆಟ ನೋಡಿಕೊಳ್ಳುತ್ತಾನೆ. ಬೆಂಚು ಜೋಡಿಸಿ ಕಸ ಹೊಡೆಯುವುದು ತಾತಂದಿರ ಪಾಲು. ಸುಮ್ಮನೆ ಕೂತು ನೋಡುವವರು ಅಂತ ಯಾರೂ ಉಳಿಯುವುದಿಲ್ಲ. ಜನ ಕಡಿಮೆಯಿರುವುದರಿಂದಲೇ ಪ್ರತಿಯೊಬ್ಬರೂ ಬೇಕಾಗುತ್ತಾರೆ. ಬೇಕಾದವರು ಎನ್ನಿಸಿಕೊಂಡವರು ಬಿಟ್ಟುಹೋಗುವುದು ಕಷ್ಟ, ಅಲ್ಲವೇ?

ಮಕ್ಕಳು ದಿನಾ ತರುವ ಚಿಲ್ಲರೆಯನ್ನು ಡಬ್ಬಿಗೆ ಹಾಕಿಸುತ್ತಾರೆ. ಎಷ್ಟೋ ಸಭೆಗಳಲ್ಲಿ ಆ ಹಣ ಯಾವುದೋ ಬಡ ಸಂಸಾರಕ್ಕೆ ಹಸುವೋ ಮೇಕೆಯೋ ಕೊಡಿಸಲು ಹೋಗುತ್ತದೆ. ಅದಕ್ಕೂ ಒಂದು ಕಥೆಯಿದೆ. ಇಂಡಿಯಾನಾ ರಾಜ್ಯದ ಡ್ಯಾನ್ ವೆಸ್ಟ್ ಎಂಬ ಬ್ರೆದ್ರನ್ ರೈತ 1930ರ ದಶಕದ ಕೊನೆಯಲ್ಲಿ ಸ್ಪೇನ್ ದೇಶದ ಅಂತರ್ಯುದ್ಧದಲ್ಲಿ ನೊಂದ ಮಕ್ಕಳಿಗೆ ಹಾಲು ಹಂಚುವ ಕೆಲಸಕ್ಕೆ ಹೋಗಿದ್ದರು. ಹಾಲು ಸಾಲದು, ಮಕ್ಕಳು ಜಾಸ್ತಿ. ಒಂದೊಂದು ಲೋಟ ಹಾಲು ಅಳೆದು ಕೊಡುವುದಕ್ಕಿಂತ ಒಂದು ಹಸುವನ್ನೇ ಕೊಟ್ಟರೆ ಹೇಗೆ ಅನ್ನುವ ಯೋಚನೆ ಆಗ ಹೊಳೆಯಿತು. 1944ರಲ್ಲಿ ಮೊದಲ ಸಲ 17 ಕಡಸುಗಳು ಪೋರ್ಟೊ ರೀಕೊ ದ್ವೀಪ ಮುಟ್ಟಿದವು. ಒಂದೇ ಕರಾರು: ಹುಟ್ಟಿದ ಮೊದಲ ಹೆಣ್ಣು ಕರುವನ್ನು ಇನ್ನೊಂದು ಬಡ ಸಂಸಾರಕ್ಕೆ ಕೊಡಬೇಕು. ಹೀಗೆ ಪಡೆದವರೇ ಕೊಡುವವರಾದರು. ಆ ಯೋಜನೆ ಇಂದು ಹೈಫರ್ ಇಂಟರ್‌ನ್ಯಾಷನಲ್ ಎಂಬ ದೊಡ್ಡ ಸಂಸ್ಥೆಯಾಗಿದೆ. ಹನಿ ಹನಿಗೂಡಿದರೆ ಹಳ್ಳ ಅನ್ನುತ್ತೇವಲ್ಲ, ಮಕ್ಕಳಿಗೆ ಅದನ್ನು ಕಣ್ಣಾರೆ ತೋರಿಸುವ ಪಾಠ ಇದು.

ಬುತ್ತಿ ಊಟ, ಕೌದಿ ಮತ್ತು ಚೀಲ

ಶಾಲೆ ಮುಗಿದ ಭಾನುವಾರ ಮಕ್ಕಳು ಕಲಿತದ್ದನ್ನು ಹಾಡಿ ತೋರಿಸುತ್ತಾರೆ. ಬಳಿಕ ಮರದ ನೆರಳಲ್ಲಿ ಊಟ. ಚರ್ಚು ಊಟ ಹಾಕಿಸುವುದಿಲ್ಲ, ಒಂದೊಂದು ಮನೆಯಿಂದ ಒಂದೊಂದು ಪದಾರ್ಥ ಬರುತ್ತದೆ. ಬೇಯಿಸಿದ ಬೀನ್ಸು, ಆಲೂಗಡ್ಡೆಯ ಸಲಾಡು, ಹಸಿ ಜೋಳದ ತೆನೆ, ಹಣ್ಣು ತುಂಬಿದ ಪೈ. ಒಂದೇ ಉದ್ದ ಮೇಜಿನ ಮೇಲೆ ಎಲ್ಲವನ್ನೂ ಸಾಲಾಗಿ ಇಡುತ್ತಾರೆ. ಯಾರ ಮನೆಯದು ಯಾವುದು ಅಂತ ಯಾರೂ ಕೇಳುವುದಿಲ್ಲ. ಪಾತ್ರೆ ಅದಲುಬದಲಾಗದಿರಲಿ ಅಂತ ತಳಕ್ಕೆ ಕಾಗದದ ಪಟ್ಟಿ ಅಂಟಿಸಿ ಹೆಸರು ಬರೆದಿರುತ್ತಾರೆ. ನಾವು ಸ್ಟೀಲ್ ಪಾತ್ರೆಗೆ ಹೆಸರು ಕೊರೆಸುತ್ತೇವಲ್ಲ, ಹಾಗೆ! ಹೆಂಗಸರ ಬುದ್ಧಿ ಎಲ್ಲ ದೇಶದಲ್ಲೂ ಒಂದೇ ಅನ್ನಿ.

ಈ ಊಟದ ಕೈರುಚಿಗೆ ಒಂದು ಪುಸ್ತಕವೂ ಉಂಟು. 1901ರಲ್ಲಿ ಬ್ರೆದ್ರನ್ ಸೋದರಿಯರು ತಂತಮ್ಮ ಮನೆಯ ಅಡುಗೆ ವಿಧಾನಗಳನ್ನು ಬರೆದು ಕಳಿಸಿ, ಇಂಗಲ್‌ನುಕ್ ಅಡುಗೆ ಪುಸ್ತಕ ಹೊರಬಂತು. 1911ರಲ್ಲಿ ಅದನ್ನು ಪರಿಷ್ಕರಿಸಿದರು. 1942ರಲ್ಲಿ ಮೊಮ್ಮಗಳ ಇಂಗಲ್‌ನುಕ್ ಎಂಬ ಹೆಸರಿನಲ್ಲಿ ಇನ್ನೊಂದು ಬಂತು. ಅಜ್ಜಿಯ ಕೈರುಚಿ ಮೊಮ್ಮಗಳಿಗೆ ತಲುಪಿದ ಹಾಗಾಯಿತು.

ಮಧ್ಯಾಹ್ನದ ಬಿಸಿಲಿಗೆ ಹೆಂಗಸರು ಹೊಲಿಗೆಗೆ ಕೂರುತ್ತಾರೆ. ಉಳಿದ ಬಟ್ಟೆಯ ತುಂಡುಗಳನ್ನು ಜೋಡಿಸಿ ದೊಡ್ಡ ಚೌಕಟ್ಟಿಗೆ ಬಿಗಿದು, ಸುತ್ತ ಆರೆಂಟು ಜನ ಕೂತು ಹೊಲಿಯುವುದು. ಉತ್ತರ ಕರ್ನಾಟಕದ ಸೋದರಿಯರಿಗೆ ಹೇಳಬೇಕಾಗಿಲ್ಲ, ಅದೇ ನಮ್ಮ ಕೌದಿ! ನಮ್ಮಲ್ಲಿ ಹಳೆಯ ಸೀರೆ, ಅಲ್ಲಿ ಅಂಗಿ ಕತ್ತರಿಸಿ ಉಳಿದ ಚೂರು. ಸೂಜಿ ಓಡುತ್ತಿರುವಾಗ ಬಾಯಿಗೂ ಬಿಡುವಿರುವುದಿಲ್ಲ. ಯಾರ ಸೊಸೆ ಬಸುರಿ, ಯಾರಿಗೆ ಮಂಡಿನೋವು, ಯಾರ ಮನೆಗೆ ಈ ವಾರ ಸಾರು ಕಳಿಸಬೇಕು, ಎಲ್ಲ ಅಲ್ಲೇ ಇತ್ಯರ್ಥ. ಹೀಗೆ ತಯಾರಾದ ಕೌದಿಗಳು ಪೆನ್ಸಿಲ್ವೇನಿಯಾದ ಲೆಬನನ್ ಊರಿನಲ್ಲಿ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ನಡೆಯುವ ಹರಾಜಿನಂಥ ಕಡೆಗಳಲ್ಲಿ ಮಾರಾಟವಾಗಿ, ನೆರೆ, ಬಿರುಗಾಳಿಗಳಲ್ಲಿ ಮನೆ ಕಳೆದುಕೊಂಡವರ ನೆರವಿಗೆ ಹಣವಾಗುತ್ತವೆ.

ಕೌದಿ ಹೊಲಿಯಲು ಕಣ್ಣು ಸಾಲದವರಿಗೆ ಚೀಲದ ಕೆಲಸ. ಗಟ್ಟಿ ಬಟ್ಟೆಯ ಚೀಲ ಹೊಲಿದು ನೋಟ್‌ಬುಕ್ಕು, ಪೆನ್ಸಿಲು, ಅಳತೆಪಟ್ಟಿ, ಮೊಂಡು ಕತ್ತರಿ, ಬಣ್ಣದ ಕಡ್ಡಿಗಳನ್ನು ತುಂಬುವುದು. ಹಲವು ದಶಕಗಳ ಕಾಲ ಇಂಥ ಚೀಲಗಳು ಮೇರಿಲ್ಯಾಂಡ್ ರಾಜ್ಯದ ನ್ಯೂ ವಿಂಡ್ಸರ್‌ನಲ್ಲಿದ್ದ ಬ್ರೆದ್ರನ್ ಸೇವಾ ಕೇಂದ್ರದ ಮೂಲಕ ಕಷ್ಟದಲ್ಲಿರುವ ಮಕ್ಕಳ ಕೈಸೇರಿದವು.

ಜೂನ್ ಕೊನೆ, ಜುಲೈ ಮೊದಲ ವಾರದ ಸುಮಾರಿಗೆ ಇವರ ವಾರ್ಷಿಕ ಸಮ್ಮೇಳನ. ಒಂದೊಂದು ವರ್ಷ ಒಂದೊಂದು ಊರಿನಲ್ಲಿ. ಪುಟ್ಟ ಸಭೆಯೂ ಒಬ್ಬ ಪ್ರತಿನಿಧಿಯನ್ನು ಕಳಿಸಬಹುದು. ಮಕ್ಕಳಿಗಂತೂ ಕೆರೆ ದಂಡೆಯ ಶಿಬಿರಗಳಿವೆ. ಇಂಡಿಯಾನಾದ ಕ್ಯಾಂಪ್ ಮ್ಯಾಕ್ 1925ರಿಂದ ನಡೆದುಕೊಂಡು ಬಂದಿದೆ. ಊರಿನಲ್ಲಿ ತನ್ನ ವಯಸ್ಸಿನವರು ಇಬ್ಬರೇ ಇರುವ ಹುಡುಗಿಗೆ ಅಲ್ಲಿ ಓರಗೆಯ ಗೆಳತಿಯರು ಸಿಗುತ್ತಾರೆ. ಸಣ್ಣ ಸಭೆಗೆ ದೊಡ್ಡ ಬಳಗವಿದೆ ಎಂದು ಮಕ್ಕಳಿಗೆ ತಿಳಿಯುವುದು ಹೀಗೆ.

ರೊಟ್ಟಿ ಮುರಿಯುವ ಹಕ್ಕು

ಇಷ್ಟು ಓದಿದ ನೀವು ಕೇಳಬಹುದು: ಇದೆಲ್ಲ ಸರಿ, ಕೊನೆಗೆ ಅಲ್ಲಿಯೂ ಅಡುಗೆ, ಹೊಲಿಗೆ, ಪಾತ್ರೆ ಎಲ್ಲ ಹೆಂಗಸರದೇ ತಾನೇ? ಹೆಸರು ಮಾತ್ರ ಸಹೋದರರ ಸಭೆ!

ನಿಜ. ಅದಕ್ಕೇ ನಾನು ಈ ಕಥೆ ಹೇಳಲು ಹೊರಟದ್ದು.

ಇವರ ದೊಡ್ಡ ಆಚರಣೆ ಪ್ರೀತಿಭೋಜನ. ಅದು ಬೇಸಿಗೆಯ ಹಬ್ಬವಲ್ಲ. ಸಾಮಾನ್ಯವಾಗಿ ವಸಂತದಲ್ಲೊಮ್ಮೆ, ಶರತ್ಕಾಲದಲ್ಲೊಮ್ಮೆ ನಡೆಯುತ್ತದೆ. ಆದರೆ ಬೇಸಿಗೆಯ ಬುತ್ತಿ ಊಟದ ಹಿಂದಿರುವ ಮನಸ್ಸು ಅರ್ಥವಾಗಬೇಕಾದರೆ ಇದನ್ನು ತಿಳಿಯಬೇಕು. ಯೇಸು ತನ್ನ ಶಿಷ್ಯರ ಪಾದ ತೊಳೆದ ಕಡೆಯ ರಾತ್ರಿಯ ನೆನಪು ಅದು. ಮೊದಲು ಪಾದ ತೊಳೆಯುವುದು. ಹಳೆಯ ಪದ್ಧತಿಯಂತೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಒಬ್ಬಾಕೆ ಸೊಂಟಕ್ಕೆ ಟವೆಲು ಕಟ್ಟಿಕೊಂಡು, ಬೋಗುಣಿಯಲ್ಲಿ ನೀರು ಹಿಡಿದು, ಪಕ್ಕದವಳ ಪಾದ ತೊಳೆದು ಒರೆಸುತ್ತಾಳೆ. ಇಬ್ಬರೂ ಅಪ್ಪಿಕೊಳ್ಳುತ್ತಾರೆ. ತೊಳೆಸಿಕೊಂಡವಳು ಈಗ ಟವೆಲು ಕಟ್ಟಿ ಮುಂದಿನವಳ ಪಾದ ತೊಳೆಯುತ್ತಾಳೆ. ನಿನ್ನೆ ಜಗಳವಾಡಿದ ನೆರೆಯವಳೇ ಪಕ್ಕದಲ್ಲಿ ಕೂತಿದ್ದರೆ? ಆಗಲೂ ಬಗ್ಗಲೇಬೇಕು. ಬಳಿಕ ಮಾಂಸದ ಸಾರು, ಅದರಲ್ಲಿ ನೆನೆಸಿದ ರೊಟ್ಟಿಯ ಚೂರುಗಳ ಸಾದಾ ಊಟ. ಕೊನೆಗೆ ಹುಳಿ ಹಾಕದ ಹಿಟ್ಟಿನಿಂದ ಸುಟ್ಟ ರೊಟ್ಟಿಯನ್ನು ಮುರಿದು ಹಂಚಿಕೊಳ್ಳುವುದು, ದ್ರಾಕ್ಷಾರಸ ಕುಡಿಯುವುದು.

ಇಲ್ಲಿ ಒಂದು ಭೇದವಿತ್ತು ನೋಡಿ. ಗಂಡಸರು ತಮ್ಮ ತಮ್ಮಲ್ಲೇ ಒಬ್ಬರು ಇನ್ನೊಬ್ಬರಿಗೆ ರೊಟ್ಟಿ ಮುರಿದು ಕೊಡುತ್ತಿದ್ದರು. ಹೆಂಗಸರಿಗೆ ಆ ಹಕ್ಕಿರಲಿಲ್ಲ. ಸಭೆಯ ಹಿರಿಯ ಗಂಡಸು ಅವರ ಸಾಲಿನ ಉದ್ದಕ್ಕೂ ನಡೆದು ಒಬ್ಬೊಬ್ಬರಿಗೂ ಮುರಿದು ಕೊಡಬೇಕು. ಹಿಟ್ಟು ನಾದಿದ ಕೈ, ಒಲೆಯ ಮುಂದೆ ನಿಂತು ಸುಟ್ಟ ಕೈ. ಮುರಿಯಲು ಮಾತ್ರ ಬಾರದೇ?

ಹೀಗೆ ಕೇಳಿದವರು ಜೂಲಿಯಾ ಗಿಲ್ಬರ್ಟ್. 1844ರಲ್ಲಿ ಹುಟ್ಟಿದವರು. ಓಹಾಯೋದಲ್ಲಿಯೂ ಆಮೇಲೆ ಅಯೋವಾದಲ್ಲಿಯೂ ಇದ್ದವರು. ಬಾಲ್ಯದ ಕಾಯಿಲೆಯಿಂದ ದೇಹ ಊನವಾಗಿತ್ತು. ದೊಡ್ಡ ಪದವಿಯಿಲ್ಲ, ಅಧಿಕಾರವಿಲ್ಲ. ಪಾದ ತೊಳೆಯುವಾಗ ನಾವೆಲ್ಲ ಸಮ, ರೊಟ್ಟಿ ಮುರಿಯುವಾಗ ಮಾತ್ರ ಬೇರೆ ಏಕೆ ಎಂಬುದೇ ಅವರ ಸರಳ ಪ್ರಶ್ನೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಿಂದ ಅವರು ವಾರ್ಷಿಕ ಸಮ್ಮೇಳನದ ಮುಂದೆ ಈ ಬೇಡಿಕೆ ಇಡುತ್ತಾ ಬಂದರು. ಆಗದು ಎಂದರು. ಮತ್ತೆ ಇಟ್ಟರು. ಮುಂದೂಡಿದರು. ಮತ್ತೆ ಇಟ್ಟರು. ಸಭೆ ಬಿಟ್ಟು ಹೋಗಲಿಲ್ಲ. ಅಡುಗೆ ಮಾಡುವುದಿಲ್ಲ ಅಂತ ಮುನಿಸಿಕೊಂಡೂ ಕೂರಲಿಲ್ಲ. ಕೇಳುವುದನ್ನು ಮಾತ್ರ ಬಿಡಲಿಲ್ಲ. ಕೊನೆಗೆ 1910ರಲ್ಲಿ ಸಮ್ಮೇಳನ ಒಪ್ಪಿತು. ಅಂದಿನಿಂದ ಸೋದರಿಯರೂ ತಮ್ಮ ತಮ್ಮಲ್ಲಿ ರೊಟ್ಟಿ ಮುರಿದು ಹಂಚಿಕೊಂಡರು. ಜೂಲಿಯಾ 1934ರವರೆಗೆ ಬದುಕಿದ್ದರು. 1958ರ ಹೊತ್ತಿಗೆ ಆ ಪಂಗಡ ಹೆಂಗಸರಿಗೆ ಪೂರ್ಣ ಪಾದ್ರಿ ದೀಕ್ಷೆಯನ್ನೂ ಕೊಡಲು ತೀರ್ಮಾನಿಸಿತು.

ಒಂದು ಚೂರು ರೊಟ್ಟಿಗೆ ಇಷ್ಟು ವರ್ಷದ ಹೋರಾಟವೇ ಅನ್ನಬೇಡಿ. ಅದು ರೊಟ್ಟಿಯ ಮಾತಲ್ಲ, ಮರ್ಯಾದೆಯ ಮಾತು. ಕೆಲಸ ಹಂಚಿಕೊಂಡರೆ ಸಾಲದು, ಮಾನವನ್ನೂ ಹಂಚಿಕೊಳ್ಳಬೇಕು. ಆಗಲೇ ಜನ ಉಳಿಯುವುದು.

ನಮ್ಮ ಸಮಾಜಕ್ಕೆ ಏನು ಪಾಠ?

ಈಗ ಪತ್ರ ಬರೆದ ಸೋದರಿಗೆ ನನ್ನ ಉತ್ತರ. ಅಮ್ಮಾ, ಶಿಬಿರ ನಿಲ್ಲಿಸಬೇಡಿ. ಆದರೆ ಹಳೆಯ ರೀತಿಯಲ್ಲೂ ಮಾಡಬೇಡಿ. ಹನ್ನೊಂದು ಜನ ಬೇಕಾದಷ್ಟಾಯಿತು.

ಹದಿನೈದು ದಿನದ ಶಿಬಿರದ ಆಸೆ ಬಿಡಿ. ಐದು ಸಂಜೆ ಸಾಕು, ನಾಲ್ಕೂವರೆಯಿಂದ ಆರೂವರೆ. ಮೊದಲು ಕೂತು ಯಾರಿಗೆ ಏನು ಬರುತ್ತೆ ಅಂತ ಬರೆಯಿರಿ. ರಂಗೋಲಿ, ದೇವರನಾಮ, ಚೌಕಾಬಾರ, ಕಾಗದದ ಹೂವು, ಅಜ್ಜಿ ಕಥೆ. ಏನೂ ಬರುವುದಿಲ್ಲ ಅನ್ನುವವರೇ ಮಕ್ಕಳ ಹೆಸರು ಬರೆದುಕೊಳ್ಳಲಿ. ತಿಂಡಿಯನ್ನು ಒಬ್ಬರ ತಲೆಗೆ ಕಟ್ಟಬೇಡಿ. ದಿನಕ್ಕೆ ಇಬ್ಬರ ಮನೆಯಿಂದ ಅವಲಕ್ಕಿ, ಕಡಲೆಕಾಳು ಉಸಲಿ, ಪಾನಕ ಬಂದರೆ ಮುಗಿಯಿತು. ಮಕ್ಕಳು ತಿಂದ ತಟ್ಟೆ ಮಕ್ಕಳೇ ತೊಳೆಯಲಿ, ಗಂಡುಹುಡುಗರೂ ಸೇರಿ. ಜಮಖಾನ ಹಾಸಿ ತೆಗೆಯುವ ಕೆಲಸ ಮನೆಯ ಯಜಮಾನರಿಗಿರಲಿ. ಅಂದ ಹಾಗೆ, ಕೇಳದೆ ಯಾರೂ ಮಾಡುವುದಿಲ್ಲ, ಕೇಳಿ!

ಕೊನೆಯ ದಿನ ಬುತ್ತಿ ಊಟವಿಟ್ಟುಕೊಳ್ಳಿ. ಒಂದು ನಿಯಮ ಮಾಡಿ: ವರ್ಷವಿಡೀ ಒಲೆಯ ಮುಂದೆ ನಿಂತವರು ಅಂದು ಮೊದಲ ಪಂಕ್ತಿಯಲ್ಲಿ ಕೂರಬೇಕು. ಅಧ್ಯಕ್ಷೆ, ಕಾರ್ಯದರ್ಶಿಗಳು ಬಡಿಸಬೇಕು. ಮುಂದಿನ ಸಭೆಯಲ್ಲಿ ಇದನ್ನು ನೀವೇ ಎದ್ದು ನಿಂತು ಹೇಳಿ. ಒಂದು ಸಲಕ್ಕೆ ಒಪ್ಪದಿದ್ದರೆ ಇನ್ನೊಂದು ಸಲ ಹೇಳಿ. ಜೂಲಿಯಾ ಗಿಲ್ಬರ್ಟ್ ಅಷ್ಟು ವರ್ಷ ಕೇಳಲಿಲ್ಲವೇ? ನಿಮಗೆ ಅಷ್ಟು ಹೊತ್ತು ಹಿಡಿಯಲಿಕ್ಕಿಲ್ಲ. ವೇದಿಕೆಯ ಮೇಲಿನವರೂ ಹೆಂಗಸರೇ. ಬಾಯಿಬಿಟ್ಟು ಹೇಳಿದರೆ ಅವರಿಗೂ ಅರ್ಥವಾಗುತ್ತೆ. ಬಹುಶಃ ಅವರು ಗಮನಿಸಿರಲಿಕ್ಕೇ ಇಲ್ಲ.

ಕೈ ತಿರುಗಿಸುವ ಐಸ್‌ಕ್ರೀಂ

ಬುತ್ತಿ ಊಟದ ದಿನಕ್ಕೆ ಒಂದು ಸಿಹಿ ಹೇಳದೆ ಮುಗಿಸಿದರೆ ನೀವು ಬಿಡುತ್ತೀರಾ? ಅಮೆರಿಕದ ಹಳ್ಳಿ ಚರ್ಚುಗಳಲ್ಲಿ ಬೇಸಿಗೆ ಸಂಜೆ ಐಸ್‌ಕ್ರೀಂ ಕೂಟ ನಡೆಯುತ್ತದೆ. ಮರದ ಬಕೆಟ್ಟು, ಒಳಗೆ ತಗಡಿನ ಡಬ್ಬ, ಮೇಲೆ ತಿರುಗಿಸುವ ಹಿಡಿ. ಆ ಯಂತ್ರಕ್ಕೆ 1843ರಲ್ಲಿ ಪೇಟೆಂಟ್ ಪಡೆದವರೂ ನ್ಯಾನ್ಸಿ ಜಾನ್ಸನ್ ಎಂಬ ಮಹಿಳೆ. ಮೊದಲು ಚಿಕ್ಕ ಮಕ್ಕಳು ತಿರುಗಿಸುತ್ತಾರೆ. ಗಟ್ಟಿಯಾಗುತ್ತಾ ಬಂದ ಹಾಗೆ ದೊಡ್ಡ ಹುಡುಗರು, ಕೊನೆಗೆ ಅಪ್ಪಂದಿರು. ಯಂತ್ರವಿಲ್ಲದೆ ನಮ್ಮ ಮಾವಿನ ಹಣ್ಣಿನಲ್ಲಿ, ಮೊಟ್ಟೆ ಹಾಕದೆ ಮಾಡುವ ರೀತಿ ಇಲ್ಲಿದೆ.

ಬೇಕಾಗುವ ಸಾಮಾನು: ಗಟ್ಟಿ ಹಾಲು 1 ಲೀಟರ್, ಸಕ್ಕರೆ 1 ಬಟ್ಟಲು, ಹಾಲಿನ ಕೆನೆ 1 ಬಟ್ಟಲು, ಮಾವಿನ ಹಣ್ಣಿನ ತಿರುಳು 2 ಬಟ್ಟಲು, ಚಿಟಿಕೆ ಉಪ್ಪು, ಏಲಕ್ಕಿ ಪುಡಿ. ಹೊರಗಿನ ತಂಪಿಗೆ ಐಸು 4 ಕಿಲೋ, ಕಲ್ಲುಪ್ಪು 1 ಕಿಲೋ.

ಮಾಡುವ ವಿಧಾನ: ಹಾಲನ್ನು ಮುಕ್ಕಾಲು ಭಾಗಕ್ಕೆ ಇಳಿಯುವವರೆಗೆ ಕಾಯಿಸಿ ಸಕ್ಕರೆ ಹಾಕಿ ಕದಡಿ. ಪೂರ್ತಿ ಆರಿದ ಮೇಲೆಯೇ ಕೆನೆ, ಮಾವಿನ ತಿರುಳು, ಚಿಟಿಕೆ ಉಪ್ಪು, ಏಲಕ್ಕಿ ಬೆರೆಸಿ. ಬಿಸಿ ಹಾಲಿಗೆ ಹಣ್ಣು ಹಾಕಿದರೆ ಒಡೆದೀತು, ಜೋಕೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಕ್ಕೆ ಮುಕ್ಕಾಲು ಮಾತ್ರ ತುಂಬಿ. ಅಗಲ ಬಕೆಟ್ಟಿನಲ್ಲಿ ಒಂದು ಪದರ ಐಸಿನ ಚೂರು, ಒಂದು ಹಿಡಿ ಕಲ್ಲುಪ್ಪು ಹಾಕಿ ಡಬ್ಬ ಇಟ್ಟು, ಸುತ್ತ ಮತ್ತೆ ಐಸು, ಉಪ್ಪು ಪದರ ಪದರವಾಗಿ ತುಂಬಿ. ಐಸು ಮುಚ್ಚಳಕ್ಕಿಂತ ಕೆಳಗಿರಲಿ, ಇಲ್ಲದಿದ್ದರೆ ಉಪ್ಪುನೀರು ಒಳಗೆ ಹೋದೀತು. ಡಬ್ಬದ ಕತ್ತು ಹಿಡಿದು ಅತ್ತಿತ್ತ ತಿರುಗಿಸುತ್ತಾ ಇರಿ. ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ಒರೆಸಿ ತೆಗೆದು, ಅಂಚಿಗೆ ಹೆಪ್ಪಾದದ್ದನ್ನು ಮರದ ಸೌಟಿನಿಂದ ಕೆರೆದು ಕಲಸಿ. ಮುಕ್ಕಾಲು ಗಂಟೆಯ ಹೊತ್ತಿಗೆ ಮೆತ್ತನೆಯ ಐಸ್‌ಕ್ರೀಂ ಸಿದ್ಧ.

ಉಪ್ಪು ಏಕೆ ಅಂತ ಮಕ್ಕಳು ಕೇಳಿದರೆ ಹೇಳಿ: ಬರೀ ಐಸು ಸೊನ್ನೆ ಡಿಗ್ರಿಯಲ್ಲಿ ಕರಗುತ್ತೆ, ಅಷ್ಟು ತಂಪಿಗೆ ಸಕ್ಕರೆ ಹಾಲು ಹೆಪ್ಪುಗಟ್ಟುವುದಿಲ್ಲ. ಉಪ್ಪು ಬಿದ್ದ ಐಸು ಸೊನ್ನೆಗಿಂತಲೂ ಕೆಳಗಿನ ಶೀತದಲ್ಲೇ ಕರಗುತ್ತಾ ಡಬ್ಬದ ಶಾಖವನ್ನೆಲ್ಲ ಹೀರುತ್ತೆ. ಉಪ್ಪುನೀರನ್ನು ಗಿಡಗಳಿಗೆ ಮಾತ್ರ ಚೆಲ್ಲಬೇಡಿ. ಐಸಿಗೆ ಬರಿಗೈ ಹಾಕಬೇಡಿ, ಬಟ್ಟೆ ಸುತ್ತಿಕೊಳ್ಳಿ.

ಒಬ್ಬರೇ ತಿರುಗಿಸಿದರೆ ತೋಳು ಬಿದ್ದುಹೋಗುತ್ತೆ. ಸರದಿಯಂತೆ ತಿರುಗಿಸಿ. ತಿರುಗಿಸಿದವರಿಗೆಲ್ಲ ಒಂದೊಂದು ಬಟ್ಟಲು, ಹಾಲು ಕಾಯಿಸಿದವಳಿಗೆ ಮೊದಲನೆಯದು.

ಶಿಬಿರ ನಡೆಸಿದವರು ಹೇಗಾಯಿತು ಅಂತ ಬರೆದು ತಿಳಿಸಿ. ಮೊದಲ ಪಂಕ್ತಿಯಲ್ಲಿ ಯಾರು ಕೂತರು ಎಂಬುದನ್ನು ಬರೆಯಲು ಮರೆಯಬೇಡಿ.